ಗೇಟಿನಲ್ಲಿ ಬಿಚ್ಚು, ವೇದಿಕೆಯಲ್ಲಿ ತೊಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಶಾಲೆಯ ಹಿಂದಿನ ಗೇಟಿನ ಬೀಗ ತೆಗೆದು, ಅಂಗಳ ಗುಡಿಸಿ, ಡ್ರಮ್ಮಿಗೆ ಕುಡಿಯುವ ನೀರು ತುಂಬಿಸಿದ ಮೇಲೆ ಆಯಮ್ಮ ಒದ್ದೆ ಕೈ ಒರೆಸಿಕೊಂಡು ಒಂದು ಮುರುಕು ಕುರ್ಚಿ ಎಳೆದುಕೊಳ್ಳುತ್ತಾರೆ. ಪಕ್ಕದ ಕಲ್ಲುಬೆಂಚಿನ ಮೇಲೆ ಖಾಲಿ ಪೌಡರ್ ಡಬ್ಬಿ, ಬಿಸ್ಕತ್ತಿನ ಡಬ್ಬಿಗಳನ್ನು ಸಾಲಾಗಿ ಜೋಡಿಸಿಕೊಳ್ಳುತ್ತಾರೆ. ಮೊದಲು ಬಂದ ಹುಡುಗಿ ಹೇಳಿಸಿಕೊಳ್ಳದೆಯೇ ಕತ್ತು ಬಗ್ಗಿಸುತ್ತಾಳೆ. ಆಯಮ್ಮ ಅವಳ ಸರ ಬಿಚ್ಚಿ ಡಬ್ಬಿಗೆ ಹಾಕುತ್ತಾರೆ. ಆಮೇಲೆ ಇನ್ನೊಬ್ಬನ ತಲೆವಸ್ತ್ರ, ಮತ್ತೊಬ್ಬಳ ಹಿತ್ತಾಳೆ ಕಡಗ, ಮಗದೊಬ್ಬಳ ಬಣ್ಣದ ದಾರ. ಸಂಜೆ ಅದನ್ನೆಲ್ಲ ಮನೆಯಲ್ಲಿ ಕಟ್ಟಿದ್ದ ಹಾಗೇ ಮತ್ತೆ ಕಟ್ಟಿ ಕಳಿಸಬೇಕು.

ಸಮವಸ್ತ್ರ ಬಿಟ್ಟು ಮೈಮೇಲೆ ಬೇರೇನೂ ಇರಕೂಡದು ಎಂಬುದು ಈ ಶಾಲೆಯ ನಿಯಮ. ಎಲ್ಲ ಮಕ್ಕಳೂ ಒಂದೇ ಥರ ಕಾಣಬೇಕಂತೆ. ಕೇಳುವುದಕ್ಕೇನೋ ಸೊಗಸಾಗಿದೆ. ಆದರೆ ಕಾರಿನಿಂದಿಳಿದು ಮುಂದಿನ ಗೇಟಿನಲ್ಲಿ ಬರುವ ಹುಡುಗನ ಚಿನ್ನದ ಚೈನು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದಿನ ಗೇಟಿನವರೆಲ್ಲ ಕೂಲಿಗೆಂದು ಎಲ್ಲೆಲ್ಲಿಂದಲೋ ಬಂದವರ, ಅಲೆಮಾರಿಗಳ, ದೋಣಿ ನಡೆಸುವವರ ಮಕ್ಕಳು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದರೆ ಇದೇ ಅಲ್ಲವೆ?

ಈ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರೇ ಆಯಮ್ಮ. ಗಂಡ ಹಾಸಿಗೆ ಹಿಡಿದ ವರ್ಷ ಗುಡಿಸುವ ಕೆಲಸಕ್ಕೆ ಸೇರಿದರು. ಇಂದಿಗೂ ಕೆಲಸ ಕಾಯಂ ಆಗಿಲ್ಲ. ಗೇಟಿನ ಕೆಲಸ ಹೇಳಿದ ಮೊದಲ ತಿಂಗಳಲ್ಲೇ ಎಡವಟ್ಟಾಯಿತು. ಎಲ್ಲರ ಸರಗಳನ್ನೂ ಒಂದೇ ಬುಟ್ಟಿಗೆ ಹಾಕಿ, ಸಂಜೆ ಕೈಗೆ ಸಿಕ್ಕಿದ ಕರಿಮಣಿಯ ಸರವನ್ನು ಪುಟ್ಟ ಹುಡುಗಿಯೊಬ್ಬಳ ಕತ್ತಿಗೆ ಕಟ್ಟಿಬಿಟ್ಟರು. ಅವರ ಕಡೆ ಅದನ್ನು ಅಪ್ಪ ತೀರಿಕೊಂಡ ಮಕ್ಕಳಿಗೆ ಮಾತ್ರ ಕಟ್ಟುತ್ತಾರೆ. ಇವಳ ಅಪ್ಪ ಗುಂಡುಕಲ್ಲಿನಂತೆ ಬದುಕಿದ್ದ. ಆ ತಾಯಿ ಗೇಟಿನ ಮುಂದೆ ಕೂತು ಅತ್ತದ್ದನ್ನು ಆಯಮ್ಮ ಇನ್ನೂ ಮರೆತಿಲ್ಲ. ಮಗುವಿಗೊಂದು ಡಬ್ಬಿ ಬಂದದ್ದು ಆಮೇಲೆಯೇ. ಯಾರ ಗಂಟು ಹೇಗೆ ಎಂದು ಗೊತ್ತಾಗದಿದ್ದರೆ ಅವರ ತಾಯಂದಿರನ್ನೇ ಕೇಳುತ್ತಾರೆ.

ಅವರು ಮುಟ್ಟದೆ ಬಿಡುತ್ತಿದ್ದದ್ದು ಒಂದೇ ಒಂದು ಸರ. ಪೊರಕೆ ಕಟ್ಟಿ ಮಾರುವ ಅಜ್ಜಿಯ ಮೊಮ್ಮಗಳು, ನಾಲ್ಕನೇ ತರಗತಿಯ ಹುಡುಗಿ. ಹುಟ್ಟಿದ ದಿನ ಅಜ್ಜಿ ಕಟ್ಟಿದ ಕೆಂಪು ಮಣಿಸರ ಅದು, ಅವಳು ದೊಡ್ಡವಳಾಗುವವರೆಗೆ ಬಿಚ್ಚುವಂತಿಲ್ಲ. ಆಯಮ್ಮ ಅದನ್ನು ಅಂಗಿಯೊಳಗೆ ಸೇರಿಸಿ ಒಳಗೆ ಬಿಡುತ್ತಿದ್ದರು. ಆದರೆ ಮಗಳ ಬಾಣಂತನಕ್ಕೆಂದು ಅವರು ರಜೆ ಹಾಕಿದ್ದಾಗ ಗೇಟಿಗೆ ನಿಂತದ್ದು ಕಾವಲುಗಾರ. ಗಂಟು ಬಿಚ್ಚಲು ಬರಲಿಲ್ಲ ಎಂದು ಆತ ಬ್ಲೇಡಿನಲ್ಲಿ ಕತ್ತರಿಸಿದ. ಮಣಿಗಳು ಚರಂಡಿಗೆ ಉರುಳಿದವು. ಹುಡುಗಿ ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ, ಶಾಲೆಯವರು ಯಾರೂ ಹೋಗಿ ಕೇಳಲೂ ಇಲ್ಲ.

ರಜೆ ಮುಗಿಸಿ ಬಂದ ಆಯಮ್ಮ ರೈಲುಹಳಿ ದಾಟಿ ಅವಳ ಮನೆಗೆ ಹೋದರು. ಬೈಸಿಕೊಳ್ಳಲು ಸಿದ್ಧರಾಗಿಯೇ ಹೋಗಿದ್ದರು. ಅಜ್ಜಿ ಬೈಯಲಿಲ್ಲ. ಹೊಸ ಸರ ಪೋಣಿಸಿ ಕಟ್ಟಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಡ್ಡಿ ಸೀಳುತ್ತಿದ್ದರು. "ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಕಣಮ್ಮ. ಇವಳು ಇಲ್ಲೇ ಇರ್ಲಿ. ಪೊರಕೆ ಕತ್ತು ನೋಡಿ ಕೆಲಸ ಕೊಡಲ್ಲ," ಎಂದರಂತೆ. ಇನ್ನು ಈ ಸರದ ಮೇಲೆ ಕೈ ಹಾಕುವುದಿಲ್ಲ ಎಂದು ದೊಡ್ಡ ಮೇಡಂ ತಮ್ಮ ಬಾಯಲ್ಲೇ ಹೇಳಿದರೆ ಮಾತ್ರ ಕಳಿಸುತ್ತೇನೆ ಎಂದೂ ಸೇರಿಸಿದರಂತೆ.

ದೊಡ್ಡ ಮೇಡಂ ಅಂದರೆ ಮುಖ್ಯಶಿಕ್ಷಕಿ. ಅವರಿಗೆ ಆಗ ಪುರುಸೊತ್ತಿರಲಿಲ್ಲ. ಶಾಲೆಯಲ್ಲಿ "ವೈವಿಧ್ಯ ದಿನ"ದ ಸಿದ್ಧತೆ ನಡೆದಿತ್ತು! ಯಾವ ಜನರ ಮಣಿಯನ್ನು ಗೇಟಿನಲ್ಲಿ ಕತ್ತರಿಸಿದರೋ ಅದೇ ಜನರ ವೇಷ ವೇದಿಕೆಗೆ ಬೇಕಾಗಿತ್ತು. ಬಾಡಿಗೆ ಅಂಗಡಿಯಿಂದ ಪ್ಲಾಸ್ಟಿಕ್ ಮಣಿಸರ ತರಿಸಿದರು. ಅದನ್ನು ತೊಡಲು ಆರಿಸಿದ್ದು ಮುಂದಿನ ಗೇಟಿನ ಹುಡುಗಿಯನ್ನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಈ ಅಂಕಣ ಬರೆಯುವಾಗಲೇ ನನಗೆ ಮೈ ಉರಿಯುತ್ತದೆ, ಕಣ್ಣಾರೆ ಕಂಡ ಆಯಮ್ಮನಿಗೆ ಹೇಗಾಗಿರಬೇಡ.

ಆ ದಿನ ಬೆಳಿಗ್ಗೆ ಅವರು ತಮ್ಮ ಡಬ್ಬಿಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗೇಟಿಗೆ ಹೋಗಿ ಕೂತರು. ವೇಷ ಹಾಕಿ ಬಂದ ಮಕ್ಕಳನ್ನು ಪ್ರೀತಿಯಿಂದಲೇ ನಿಲ್ಲಿಸಿ ಸರ, ಪೇಟ, ಕಡಗ ಎಲ್ಲ ತೆಗೆದು ಡಬ್ಬಿಗೆ ಹಾಕಿದರು, ಚಿನ್ನದ ಚೈನನ್ನೂ ಬಿಡಲಿಲ್ಲ. ಅತಿಥಿಗಳು ಬರುವ ಹೊತ್ತಿಗೆ ವೇದಿಕೆಯ ಮೇಲೆ ಬರೀ ಸಮವಸ್ತ್ರ. ಮುಖ್ಯಶಿಕ್ಷಕಿ ಓಡಿಬಂದು, "ಏನ್ರೀ ಇದು, ಮಾನ ಕಳೀತೀರಲ್ಲ?" ಎಂದರು.

"ನಿಯಮ ಅಲ್ವಾ ಮೇಡಂ? ನಾನಾದ್ರೂ ಬಿಚ್ಚಿದೀನಿ. ಕತ್ತರಿಸಿಲ್ಲ," ಎಂದರು ಆಯಮ್ಮ.

ಮುಖ್ಯಶಿಕ್ಷಕಿಯನ್ನು ನಾನು ಕಂಡು ಕೇಳಿದೆ. ಅದು ಸಾಂಸ್ಕೃತಿಕ ಕಾರ್ಯಕ್ರಮ, ಇದು ಶಿಸ್ತಿನ ಪ್ರಶ್ನೆ, ಎರಡನ್ನೂ ಬೆರೆಸಬಾರದು ಎಂದರು. ಹುಡುಗಿ ಬೇಕಿದ್ದರೆ ಸರವನ್ನು ಒಳಗೆ ಮುಚ್ಚಿಟ್ಟುಕೊಂಡು ಬರಲಿ, ಆಯಮ್ಮನ ಕೆಲಸದ ಬಗ್ಗೆ ಮಾತ್ರ ಮೇಲಿನವರೇ ತೀರ್ಮಾನಿಸುತ್ತಾರೆ ಎಂದರು. ಅಜ್ಜಿಯ ಮನೆ ಶಾಲೆಯಿಂದ ಕೂಗಳತೆ ದೂರ. ಅಲ್ಲಿಯವರೆಗೆ ನಡೆದು ಒಂದು ಮಾತು ಹೇಳಲು ಈ ಶಿಸ್ತಿನವರಿಗೆ ಕಾಲು ಬರುವುದಿಲ್ಲ.

ಕಾಲು ಬರುವುದು ಆಯಮ್ಮನಿಗೆ. ಶಾಲೆ ಬಿಟ್ಟ ಮೇಲೆ ನಾನೂ ಅವರ ಜೊತೆ ಹೋದೆ. ಪೊರಕೆಕಡ್ಡಿಯ ರಾಶಿಯ ನಡುವೆ ಹುಡುಗಿ ಕೂತಿದ್ದಳು, ಬೆರಳಿಗೆಲ್ಲ ಸಿಬಿರು ಚುಚ್ಚಿತ್ತು. ವೇಷದ ಸುದ್ದಿ ಅವಳಿಗೂ ಮುಟ್ಟಿತ್ತು. "ಆಯಮ್ಮ, ಸ್ಟೇಜ್ ಮೇಲಾದ್ರೆ ಮಣಿ ಹಾಕ್ಕೋಬಹುದಂತೆ ಹೌದಾ? ಹಾಗಾದ್ರೆ ನಾನು ಸ್ಟೇಜ್ ಮೇಲೇ ಕೂತು ಓದ್ಕೋತೀನಿ," ಎಂದಳು.

ಆಯಮ್ಮ ಅವಳ ಕೈ ಹಿಡಿದು ಸಿಬಿರು ತೆಗೆಯತೊಡಗಿದರು. ಹಿಂತಿರುಗುವಾಗ ರೈಲುಹಳಿಯ ಹತ್ತಿರ ಕೇಳಿದೆ, ಕೆಲಸ ಹೋದರೆ ಏನು ಮಾಡುತ್ತೀರಿ ಅಂತ.

"ಇಟ್ಟಿಗೆ ಹೊತ್ತವಳು ನಾನು, ಬದುಕ್ತೀನಿ ಬಿಡಿ. ಆದ್ರೆ ಹೋಗೋದ್ರೊಳಗೆ ಒಂದೇ ಒಂದು ದಿನ ಆ ಗೇಟಲ್ಲಿ ನಿಂತು, ಆ ಮಗೂಗೆ ಬಿಚ್ಚು ಅನ್ನದೆ, ಬಾರಮ್ಮ ಒಳಗೆ ಅಂತ ಅಷ್ಟೇ ಅನ್ನಬೇಕು."