ರೇಷ್ಮೆಯಲ್ಲಿ ಒರೆಸಿದ ಕಾರು

ಅರವತ್ತರ ದಶಕದ ನಡುವಿನಲ್ಲಿ ನಾನು ಕೊಳ್ಳೇಗಾಲದ ಒಬ್ಬ ರೇಷ್ಮೆ ಸೀರೆ ವ್ಯಾಪಾರಿಯ ಮನೆಯಲ್ಲಿ ಡ್ರೈವರ್ ಆಗಿದ್ದೆ. ತಲೆತಲಾಂತರದಿಂದ ಮಗ್ಗ ನಡೆಸಿದ ಮನೆ. ಯಜಮಾನರು ಆಗಷ್ಟೇ ಹೊಸ ಕಪ್ಪು ಕಾರು ಕೊಂಡಿದ್ದರು. ಕೆಲಸಕ್ಕೆ ಸೇರಿದ ದಿನ ಅವರು ಒಂದೇ ಮಾತು ಹೇಳಿದರು. ಓಡಿಸುವವನು ಯಾರಾದರೂ ಸಿಗುತ್ತಾನೆ, ಬಣ್ಣ ಕಾಯುವವನು ಬೇಕು. ಬಣ್ಣ ಮಾಸಿದರೆ ನನ್ನ ಕೆಲಸವೂ ಹೋಯಿತೆಂದು ನಾನು ತಿಳಿದುಕೊಂಡೆ.

ಮೈಸೂರಿನಿಂದ ತರಿಸಿದ ಮೇಣದ ಪಾಲಿಶನ್ನು ಕಾರಿಗೆ ತೆಳುವಾಗಿ ಹಚ್ಚುತ್ತಿದ್ದೆ. ಅದು ಇನ್ನೂ ಇದೆಯೋ ಇಲ್ಲವೋ ತಿಳಿಯಲು ಬಾನೆಟ್ಟಿನ ಮೇಲೆ ಒಂದು ಚೊಂಬು ನೀರು ಸುರಿಯುತ್ತಿದ್ದೆ. ನೀರು ಹನಿಹನಿಯಾಗಿ ಉರುಳಿದರೆ ಮೇಣ ಇದೆ, ಹರಡಿಕೊಂಡು ನಿಂತರೆ ಹೋಗಿದೆ. ಚಳಿಗಾಲದಲ್ಲಿ ಎರಡು ತಿಂಗಳು ಬರುತ್ತಿದ್ದ ಮೇಣ ಬೇಸಿಗೆಯಲ್ಲಿ ಒಂದು ತಿಂಗಳಿಗೇ ಸೋಲುತ್ತಿತ್ತು. ಯಳಂದೂರಿನಲ್ಲಿ ಸಿಗುತ್ತಿದ್ದ ಬೆಟ್ಟದ ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಹಚ್ಚಿಯೂ ನೋಡಿದೆ. ಹೊಳಪೇನೋ ಬಂತು. ಆದರೆ ಬಿಸಿಲಿಗೆ ಮೆತ್ತಗಾಗಿ ಹನೂರು ರಸ್ತೆಯ ಧೂಳನ್ನೆಲ್ಲ ಹಿಡಿದುಕೊಂಡಿತು. ಅದನ್ನು ಬಿಟ್ಟೆ.

ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಯಳಂದೂರಿನ ತಾಲ್ಲೂಕು ಕಚೇರಿಯ ಮುಂದೆ ಕಾರು ನಿಲ್ಲಿಸಿಕೊಂಡು ಯಜಮಾನರಿಗಾಗಿ ಕಾಯುತ್ತಿದ್ದೆ. ಬಿಸಿಲು ಓರೆಯಾಗಿ ಬಾನೆಟ್ಟಿನ ಮೇಲೆ ಬಿತ್ತು. ಕಪ್ಪು ಬಣ್ಣದೊಳಗೆ ಜೇಡರ ಬಲೆಯಂಥ ಗೀರುಗಳು, ಒಂದರ ಮೇಲೊಂದು, ಸುತ್ತುಸುತ್ತಾಗಿ ಹರಡಿಕೊಂಡಿದ್ದವು. ಬೆರಳಿಟ್ಟು ನೋಡಿದೆ. ಕೈಗೆ ಏನೂ ತಾಗಲಿಲ್ಲ. ಬಾಟಲಿಯ ನೀರು ಸುರಿದೆ. ಹನಿಗಳು ಚೆನ್ನಾಗಿಯೇ ಉರುಳಿದವು. ಮೇಣ ಇತ್ತು, ಬಣ್ಣ ಮಾತ್ರ ಹಾಳಾಗಿತ್ತು. 

ಹೊರಗೆ ಬಂದ ಯಜಮಾನರೂ ಅದನ್ನು ಕಂಡರು. ಕೊಳ್ಳೇಗಾಲದಲ್ಲಿ ಇಳಿಯುವಾಗ, ಮುಂದಿನ ತಿಂಗಳು ಬೇರೆಯವನನ್ನು ನೋಡುತ್ತೇನೆ ಎಂದರು.

ಮರುದಿನದಿಂದಲೇ ಕಾರಿಗೆ ಏನೇನು ತಾಗುತ್ತದೆ ಎಂದು ಒಂದೊಂದಾಗಿ ನೋಡುತ್ತ ಹೋದೆ. ನೀರು ಬಾವಿಯದು, ಬಟ್ಟೆಯಲ್ಲಿ ಸೋಸಿದ್ದು. ಧೂಳನ್ನು ಒಣಗಿದ್ದಾಗ ಒರೆಸುತ್ತಿರಲಿಲ್ಲ, ತೊಳೆದೇ ತೆಗೆಯುತ್ತಿದ್ದೆ. ಕೊನೆಗೆ ಉಳಿದದ್ದು ತೊಳೆದ ಮೇಲೆ ಒರೆಸುವ ಬಟ್ಟೆ. ಅದನ್ನು ಕೊಡುತ್ತಿದ್ದವರು ಯಜಮಾನರ ತಾಯಿ; ನಾವೆಲ್ಲ ಅವರನ್ನು ಅವ್ವ ಎನ್ನುತ್ತಿದ್ದೆವು. ಮಗ್ಗದಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ಹೊಲಿದು ಅಂಗೈಯಗಲದ ಬಟ್ಟೆ ಮಾಡಿಡುತ್ತಿದ್ದರು. ರೇಷ್ಮೆಯ ಮನೆಯ ಕಾರನ್ನು ಹತ್ತಿಯಲ್ಲಿ ಒರೆಸುವುದು ಅವರಿಗೆ ಅವಮಾನ. ಒಂದು ತುಂಡನ್ನು ಬಿಸಿಲಿಗೆ ಹಿಡಿದೆ. ಅಂಚಿನಲ್ಲಿ ಜರಿಯ ಎಳೆ ಕಂಡಿತು. ತುದಿಗಳು ಮುರಿದು ಸೂಜಿಯ ಮೊನೆಯಂತೆ ಹೊರಗೆ ನಿಂತಿದ್ದವು.

ಯಜಮಾನರಿಗೆ ಹೇಳಿದೆ. ಅವರು ಆ ತುಂಡನ್ನು ತೆಗೆದುಕೊಂಡು ತಮ್ಮ ಕೆನ್ನೆಗೆ ಉಜ್ಜಿಕೊಂಡರು.

"ರೇಷ್ಮೆ ಗೀರ್ತದೇನ್ಲಾ? ನಿಮ್ಮವ್ವ ನಿನ್ನ ರೇಷ್ಮೇಲಿ ಸುತ್ತಿ ಮಲಗ್ಸಿದ್ರೆ ನಿನ್ನ ಮೂತಿ ಇಂಗಿರ್ತಿರ್ಲಿಲ್ಲ."

ಮಗ್ಗದ ಮುಂದೆ ಕುಳಿತಿದ್ದವರು ನಕ್ಕರು. ನಾನು ಆ ತುಂಡನ್ನು ತೆಗೆದುಕೊಂಡು ಹೊರಗೆ ಬಂದೆ.

ಡಿಕ್ಕಿಯ ಮುಚ್ಚಳದ ಮೇಲೆ ಇನ್ನೂ ಅಷ್ಟು ಗೀರು ಬಿದ್ದಿರಲಿಲ್ಲ. ಅದರ ಎರಡೂ ಭಾಗಕ್ಕೆ ಒಂದೇ ದಿನ ಒಂದೇ ಡಬ್ಬಿಯ ಮೇಣ ಹಚ್ಚಿದೆ. ಪ್ರತಿದಿನ ಒಂದೇ ನೀರಿನಲ್ಲಿ ತೊಳೆದು ಎಡಭಾಗವನ್ನು ಅವ್ವ ಕೊಟ್ಟ ರೇಷ್ಮೆಯಲ್ಲಿ, ಬಲಭಾಗವನ್ನು ನನ್ನ ಹಳೆಯ ಹತ್ತಿ ಪಂಚೆಯಲ್ಲಿ ಒರೆಸಿದೆ. ತಿಂಗಳ ಕೊನೆಗೆ ಕಾರನ್ನು ಎಳೆಬಿಸಿಲಿಗೆ ತಿರುಗಿಸಿ ನಿಲ್ಲಿಸಿ ಯಜಮಾನರನ್ನು ಕರೆದೆ.

"ನೋಡಿ ಸಾ. ಮೇಣ ಎಲ್ಡೂ ಕಡೆ ಒಂದೇಯ."

ಎಡಕ್ಕೆ ಬಲೆ ಹೆಣೆದುಕೊಂಡಿತ್ತು. ಬಲಕ್ಕೆ ಅವರ ಮುಖ ಕಾಣುತ್ತಿತ್ತು. ಅವರು ಬಹಳ ಹೊತ್ತು ಬಾಗಿ ನೋಡಿದರು. ಇನ್ನು ಒಪ್ಪುತ್ತಾರೆ ಎಂದುಕೊಂಡೆ.

"ಅದು ನಮ್ ಜರಿ ಅಲ್ಲ ಕಣ್ಲಾ. ಒರಗಿಂದ ಬಂದಿದ್ದು."

ಅಷ್ಟೇ. ನನ್ನನ್ನು ತೆಗೆಯುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ತಪ್ಪು ನನ್ನದಲ್ಲ ಎಂದೂ ಹೇಳಲಿಲ್ಲ. ಕಾರಿಗೆ ಮೈಸೂರಿನಲ್ಲಿ ಹೊಸ ಬಣ್ಣ ಹೊಡೆಸಿದರು. ಅದು ಮನೆಗೆ ಬಂದ ದಿನ ಅವ್ವ ಹೊಸದಾಗಿ ಹೊಲಿದ ರೇಷ್ಮೆ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ತಕಾ ಮಗಾ, ಈಸಲ ಜರಿ ಎಲ್ಲಾ ಕಿತ್ತಾಕಿವ್ನಿ."

ಬೆರಳಾಡಿಸಿದೆ. ಹೊಲಿಗೆಯ ಸಂದಿನಲ್ಲಿ ಇನ್ನೂ ಎರಡು ಎಳೆ ಚುಚ್ಚಿತು. ಕಣ್ಣು ಮಂಜಾದ ಆ ಮುದುಕಿಗೆ ಅವು ಕಂಡಿರಲಿಲ್ಲ. ತೆಗೆದುಕೊಂಡು ಸೀಟಿನ ಪಕ್ಕ ಎಲ್ಲರಿಗೂ ಕಾಣುವಂತೆ ಇಟ್ಟೆ.

ಅಂದಿನಿಂದ ಬೆಳಿಗ್ಗೆ ಪೆಟ್ರೋಲ್ ಹಾಕಿಸುವ ನೆಪದಲ್ಲಿ ಊರಾಚೆಯ ಬಾವಿಯ ಹತ್ತಿರ ಕಾರು ತೊಳೆದು ಪಂಚೆಯಲ್ಲಿ ಒರೆಸಿಕೊಂಡು ಬರುತ್ತಿದ್ದೆ. ಆರು ವರ್ಷ ಆ ಬಣ್ಣ ಕೆಡಲಿಲ್ಲ. ನೋಡಿದವರು ಕೇಳಿದಾಗಲೆಲ್ಲ ಯಜಮಾನರು ನನ್ನ ಮುಂದೆಯೇ ಹೇಳುತ್ತಿದ್ದರು, ಎಲ್ಲ ನಮ್ಮ ರೇಷ್ಮೆಯ ಗುಣ ಎಂದು. ನಾನು ಬಾಗಿಲು ತೆರೆದು ಹಿಡಿದು ನಿಂತಿರುತ್ತಿದ್ದೆ.