ಕಾಕಾನ ಫೋಟೋದ ಮುಂದೆ ಬ್ಲೂಟೂತ್ ಪರೀಕ್ಷೆ

ಗೆಳೆಯರೇ, ಈಗಷ್ಟೇ ನಡೆದದ್ದು ಇದು. ಯಮಕನಮರಡಿಯ ಮನೆಯಲ್ಲೇ ಕುಳಿತು ಲ್ಯಾಪ್‌ಟಾಪ್‌ಗಳ ಬ್ಲೂಟೂತ್ ಪರೀಕ್ಷಿಸುವುದು ನನ್ನ ಕೆಲಸ. ಪ್ರೋಗ್ರಾಂ ತಾನಾಗಿಯೇ ಸ್ಪೀಕರ್‌ಗೆ ಕನೆಕ್ಟ್ ಆಗಿ, ನಾನು ರೆಕಾರ್ಡ್ ಮಾಡಿಟ್ಟ ಒಂದು ಮಾತನ್ನು ಆಗಾಗ ಕೇಳಿಸುತ್ತದೆ.

ಗೋಡೆಯಾಚೆಯ ಮನೆಯ ಕಾಕಾ ಮೊನ್ನೆ ತೀರಿಕೊಂಡರು. ಭಜನೆ ಹಾಕಲು ಇವತ್ತು ಆ ಮನೆಯವರು ಸ್ಪೀಕರ್ ಕೇಳಿದರು. ಸಾವಿನ ಮನೆಗೆ ಇಲ್ಲ ಅನ್ನಲಾಗದೆ ಪರೀಕ್ಷೆಯ ಸ್ಪೀಕರನ್ನೇ ಕೊಟ್ಟು ನಾನೂ ಹೋಗಿ ಕುಳಿತೆ. ಪ್ರೋಗ್ರಾಂ ನಿಲ್ಲಿಸುವುದು ಮರೆತುಹೋಗಿತ್ತು.

ಭಜನೆ ತಟ್ಟನೆ ನಿಂತಿತು. ಕಾಕಾನ ಫೋಟೋದ ಬಳಿಯಿಂದ ನನ್ನದೇ ದನಿ: "ಕೇಳಸಾಕತ್ತೈತೇನ?"

ಕುಳಿತವರೆಲ್ಲ ಬೆಚ್ಚಿಬಿದ್ದರು. ಕಾಕಾನ ಹೆಂಡತಿ ಕಾಕು ಮಾತ್ರ ಸೆರಗು ಸರಿಮಾಡಿಕೊಂಡು ಫೋಟೋದ ಕಡೆ ತಿರುಗಿದರು.

"ಕೇಳಸಾಕತ್ತೈತ್ರಿ, ಹೇಳ್ರಿ."

ಮನೆಗೆ ಓಡಿ ಬಂದು ನೋಡಿದರೆ ಲ್ಯಾಪ್‌ಟಾಪ್ ಪರದೆಯ ಮೇಲೆ 'ಪಾಸ್' ಎಂದಿದೆ. ಉತ್ತರ ಬಂದರೆ ಏನು ಮಾಡಬೇಕೆಂದು ಪ್ರೋಗ್ರಾಂನಲ್ಲಿ ನಾನು ಬರೆದೇ ಇಲ್ಲ.