ನಡುಮನೆಯ ಹಗೇವು

ಶ್ರದ್ಧಾ, ಅಭಿನಂದನ — ಮೊಮ್ಮಕ್ಕಳೇ, ನೀವಿಬ್ಬರೂ ಮಲಗುವ ಆ ನಡುಮನೆ ನನ್ನ ಮೋಸದಿಂದ ನಮ್ಮದಾಯಿತು. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಮಂದಿಯೆದುರು ಮಾತಾಡಿ ರೂಢಿಯಿಲ್ಲದವಳು. ಅದಕ್ಕೇ ಬರೆಯುತ್ತಿದ್ದೇನೆ.

ಆ ಮನೆ ಸುಶೀಲಕ್ಕನದು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಅವಳು ಮನೆ ಮಾರಿ, ಮೀರಜದಲ್ಲಿ ಮಗಳ ಓಣಿಯಲ್ಲೇ ಚಿಕ್ಕದೊಂದು ಸ್ವಂತ ಮನೆ ಕೊಳ್ಳಬೇಕೆಂದಿದ್ದಳು. ಅಳಿಯನ ಮನೆಯಲ್ಲಿ ಇರಲಾರೆ, ಬಾಡಿಗೆಯೂ ಬೇಡ — ಅವಳ ಆಸೆ ಅಷ್ಟೇ.

ಮನೆ ಕೊಳ್ಳಲು ಉಗಾರ ಖುರ್ದದಿಂದ ಗಂಡ ಹೆಂಡತಿ ಬಂದರು. ಮಾತೆಲ್ಲ ಆಗಿತ್ತು, ಮನೆ ಕಟ್ಟುವ ಗೌಂಡಿಗೆ ಒಮ್ಮೆ ಗೋಡೆ, ತೊಲೆ ತೋರಿಸಿ ಸಂಚಕಾರದ ಮುಂಗಡ ಹಣ ಕೊಟ್ಟು ಹೋಗುವವರಿದ್ದರು. ಗೌಂಡಿ ಎಲ್ಲ ನೋಡಿ ಸರಿಯಿದೆ ಎಂದು ತಲೆಯಾಡಿಸಿದ್ದ. ಅಷ್ಟರಲ್ಲಿ ಆ ಹೆಣ್ಣುಮಗಳು ನೀರು ಕೇಳಿಕೊಂಡು ನಮ್ಮ ಅಡುಗೆಮನೆಗೆ ಬಂದಳು.

"ಮನಿ ಹೆಂಗೈತ್ರಿ ಅಕ್ಕಾರ? ಬಾಜೂದವ್ರಿಗಿ ಎಲ್ಲಾ ಗೊತ್ತಿರತೈತಲ್ರಿ."

"ಚಲೋನ ಐತ್ರಿ," ಅಂದೆ. "ನಡುಮನ್ಯಾಗ ಹಗೇವ ಐತಿ, ಅಷ್ಟ. ಯಾಕ, ಅವ್ರು ಹೇಳಿಲ್ಲೇನ್ರಿ?"

ಹಗೇವು ಎಂದರೆ ನಿಮಗೆ ತಿಳಿಯದು. ನೆಲದೊಳಗೆ ಆಳವಾಗಿ ತೋಡಿ ಜೋಳ ತುಂಬಿಡುತ್ತಿದ್ದ ಕುಣಿ. ಮುಚ್ಚಿದ್ದನ್ನು ತೆರೆದು ಇಳಿದವರು ಉಸಿರುಗಟ್ಟಿ ಸತ್ತದ್ದುಂಟು, ಮಳೆನೀರು ಹೊಕ್ಕು ನೆಲ ಕುಸಿದದ್ದುಂಟು. ಸುಶೀಲಕ್ಕನ ಮನೆಯಲ್ಲಿ ಅದು ಇದ್ದದ್ದು ನಿಜ. ಆದರೆ — ಬದುಕಿದ್ದಾಗ ನಿಮ್ಮ ಅಜ್ಜನೂ ಅವಳ ಗಂಡನೂ ಸೇರಿ ಅದನ್ನು ಎಂದೋ ತುಂಬಿಸಿದ್ದರು. ಕಲ್ಲು ಹಾಕಿ, ಗರಸು ಮಣ್ಣು ಹಾಕಿ, ನೀರು ಹೊಯ್ದು ಕುಟ್ಟಿದ್ದರು. ಗರಸಿನ ಬುಟ್ಟಿ ಹೊತ್ತವಳು ನಾನೇ. ಸಿಂಬಿ ಒತ್ತಿ ನೆತ್ತಿ ಎಷ್ಟೋ ದಿನ ನೋಯುತ್ತಿತ್ತು.

ಆ ಹೆಣ್ಣುಮಗಳು ಹೋಗಿ ಹೇಳಿದಳು, ನಾನೂ ಹಿಂದೆಯೇ ಹೋದೆ. ಗೌಂಡಿ ಹಾರೆ ತರಿಸಿ ನಡುಮನೆಯ ನೆಲ ಕುಟ್ಟಿದ. "ಇಲ್ಲಿ ಸಪ್ಪಳ ಬ್ಯಾರೇನ ಬರತೈತ್ರಿ," ಎಂದ. ಅಂಜಿದ ಕಿವಿಗೆ ಎಲ್ಲ ಸಪ್ಪಳವೂ ಪೊಳ್ಳೇ. ಸುಶೀಲಕ್ಕ ಓಡಿಬಂದು ನನ್ನ ಕೈ ಹಿಡಿದಳು.

"ಇವ್ರ ಯಜಮಾನ್ರ ನಿಂತು ತುಂಬಿಸ್ಯಾರ್ರಿ! ನೀನರ ಹೇಳ ಬೇ, ಬುಟ್ಟಿ ಹೊತ್ತಾಕಿ ನೀನ ಅಲ್ಲ?"

ಎಲ್ಲರೂ ನನ್ನ ಮುಖ ನೋಡಿದರು.

"ನನಗ ಸರಿ ನೆನಪಿಲ್ಲಕ್ಕ," ಅಂದೆ.

ಆ ಗಂಡಸು ನಕ್ಕುಬಿಟ್ಟ. "ನಡೀರಿ ನಡೀರಿ. ರಾತ್ರಿ ಪಲ್ಲಂಗ ಸಮೇತ ಒಳಗ ಹ್ವಾದ್ರ, ಹಗ್ಗ ಬಿಟ್ಟ ತಗೀಬೇಕಾಗತೈತಿ ನಮ್ಮನ್ನ!"

ಅವರು ತಿರುಗಿ ಬರಲಿಲ್ಲ. ಆಮೇಲೆ ಬಂದವರೆಲ್ಲ ಮೊದಲು ಹಗೇವಿನ ಮಾತನ್ನೇ ಕೇಳಿದರು. ಕೊನೆಗೆ ನಿಮ್ಮ ಅಪ್ಪ ಕೇಳಿದ ಕಡಿಮೆ ಬೆಲೆಗೇ ಅವಳು ಕೊಟ್ಟಳು. ಅವನಿಗೆ ಇದೊಂದೂ ಗೊತ್ತಿಲ್ಲ. ಚಿಕ್ಕೋಡಿಯಲ್ಲಿ ಬೇರೆ ಮನೆ ಮಾಡುತ್ತೇನೆ ಎನ್ನುತ್ತಿದ್ದ. ಪಕ್ಕದ ಮನೆ ಸಿಕ್ಕರೆ ನೀವು ನನ್ನ ಕಣ್ಣೆದುರೇ ಇರುತ್ತೀರಿ ಎಂದು ನಾನು… ಇದನ್ನು ನಿಮ್ಮ ಮೇಲಿನ ಪ್ರೀತಿ ಎಂದು ಓದಬೇಡಿ. ಪ್ರೀತಿಗೆ ಇನ್ನೊಬ್ಬಳ ಸೂರು ಬೇಕಾಗಿರಲಿಲ್ಲ.

ಹೊರಡುವ ದಿನ ಸುಶೀಲಕ್ಕ ಕೀಲಿಕೈಯನ್ನು ನನ್ನ ಕೈಯಲ್ಲೇ ಇಟ್ಟಳು. "ಮಂದಿ ಪಾಲಾಗಲಿಲ್ಲ, ನಿನಗ ಬಂತು. ಅದ ಸಮಾಧಾನ ನೋಡ," ಎಂದಳು. ಸ್ವಂತ ಮನೆ ಅವಳಿಗೆ ಆಗಲಿಲ್ಲ. ಇಂದಿಗೂ ಮೀರಜದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಾಳೆ.

ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದಾಗ ಅವಳಿಗೆ ಫೋನ್ ಮಾಡುತ್ತೇನೆ. ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಇರಲಿ — ಬಸದಿಯಿಂದ ಬಂದು ಎಲ್ಲರೂ ಎಲ್ಲರಿಗೂ ಹೇಳುವ ಹಾಗೆ ನಾನೂ ಹೇಳುತ್ತೇನೆ. ಅವಳು ನಗುತ್ತಾಳೆ. "ನೀ ನನಗೇನ ತಪ್ಪ ಮಾಡೀದಿ ಬೇ, ಹುಚ್ಚಿ!" ನಾನೂ ನಕ್ಕು ಫೋನ್ ಇಡುತ್ತೇನೆ. ತಿಳಿದೇ ಮಾಡಿದ್ದನ್ನು ಆ ದೊಡ್ಡ ಮಾತಿನ ಅಡಿಯಲ್ಲಿ ಹೂತು ಹೂತು ಬಂದೆ. ಅಂದು ಗರಸು ತುಂಬಿದ ಹಾಗೆ.

ಇಷ್ಟು ಮಳೆಗಾಲ ಕಳೆದವು. ನಡುಮನೆಯ ಒಂದು ಹಾಸುಗಲ್ಲೂ ಕುಸಿದಿಲ್ಲ. ನೀವು ಅಲ್ಲಿ ಕುಣಿಯುವಾಗೆಲ್ಲ ನನಗೆ ಹಾರೆಯ ಸಪ್ಪಳವೇ ಕೇಳುತ್ತದೆ.

ನಾಳೆ ನಿಮ್ಮ ಅಪ್ಪನಿಗೆ ಹೇಳುತ್ತೇನೆ. ಈ ವರ್ಷ ಫೋನ್ ಮಾಡುವುದಿಲ್ಲ. ಮೀರಜಕ್ಕೇ ಹೋಗಿ, ತಪ್ಪಿನ ಹೆಸರು ಹಿಡಿದು ಹೇಳುತ್ತೇನೆ. ಅವಳು ಕ್ಷಮಿಸಲಿ ಎಂದಲ್ಲ, ಅವಳಿಗೆ ಗೊತ್ತಾಗಲಿ ಎಂದು. ಹೇಳಬೇಕಾದಲ್ಲಿ ಒಮ್ಮೆ ಬಾಯಿ ಕಟ್ಟಿಕೊಂಡವಳು ನಾನು, ನನ್ನನ್ನು ನಾನೇ ನಂಬಲಾರೆ. ಅದಕ್ಕೇ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ನಾನು ಹೇಳದೆ ಹೋದರೆ, ನೀವು ಸುಶೀಲಜ್ಜಿಯ ಎದುರು ಕೂತು ಇವನ್ನು ಓದಿ ಹೇಳಿ.